ಎಡ ಶಿಫ್ಟ್ ಕೀಲಿ ನೋಡಿ ಕೊಂಡ ಲ್ಯಾಪ್‌ಟಾಪ್

ಶಿರಸಿಯಲ್ಲಿ ನನ್ನದು ಡಿಟಿಪಿ ಅಂಗಡಿ. ಮದುವೆಯ ಕರೆಯೋಲೆ, ಸಹಕಾರಿ ಸಂಘದ ವಾರ್ಷಿಕ ವರದಿ, ಮಳೆಗಾಲದಲ್ಲಿ ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿ, ಹೀಗೆ ದಿನವಿಡೀ ಕನ್ನಡ ಟೈಪು ಮಾಡುವುದೇ ಕೆಲಸ. ಕಳೆದ ಬೇಸಗೆಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತು. ಒಂದು ಪ್ರಸಂಗ ಅರ್ಧಕ್ಕೆ ನಿಂತಿತ್ತು, ಅಲ್ಲಿಯೇ ಹೊಸದು ಕೊಳ್ಳದೆ ಗತ್ಯಂತರವಿರಲಿಲ್ಲ.

ಮೊದಲು ಹೋದ ಅಂಗಡಿಯಲ್ಲಿ ಇದ್ದವೆಲ್ಲ ಜರ್ಮನ್ ಕೀಲಿಮಣೆಯವು. ವೈ ಇರಬೇಕಾದಲ್ಲಿ ಝಡ್, ಝಡ್ ಇರಬೇಕಾದಲ್ಲಿ ವೈ. ಎಲ್ ಪಕ್ಕದಲ್ಲಿ ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ಓ ಮತ್ತು ಎ. “ಸೆಟ್ಟಿಂಗ್ ಬದಲಿಸಿದರಾಯಿತು, ಬೇಕಿದ್ದರೆ ಸ್ಟಿಕ್ಕರ್ ಅಂಟಿಸಿಕೊಳ್ಳಿ” ಎಂದು ಅಂಗಡಿಯ ಹುಡುಗ ಹೇಳಿದ್ದನ್ನು ಮಗಳು ತಿಳಿಸಿದಳು. ಅಕ್ಷರಗಳ ಮಟ್ಟಿಗೆ ಅವನ ಮಾತು ಸರಿ. ನಾನು ಕಲಿತದ್ದು ಕನ್ನಡ ಟೈಪಿಂಗಿನ ಕೆ.ಪಿ. ರಾವ್ ಕೀಲಿ ವಿನ್ಯಾಸ, ‘ನುಡಿ’ ತಂತ್ರಾಂಶದಲ್ಲಿರುವುದೂ ಅದೇ. ಕೀಲಿ ನೋಡದೆ ಒತ್ತುವವರಿಗೆ ಮೇಲೆ ಏನು ಅಚ್ಚಾಗಿದ್ದರೇನು?

ತೊಂದರೆ ಇದ್ದದ್ದು ಎಡ ಶಿಫ್ಟ್‌ನಲ್ಲಿ. ಜರ್ಮನ್ ಕೀಲಿಮಣೆಯಲ್ಲಿ ಅದು ಮೊಟಕು, ಅದರ ಬಲಕ್ಕೆ ಇನ್ನೊಂದು ಕೀಲಿ ತುರುಕಿರುತ್ತಾರೆ. ನಮ್ಮ ವಿನ್ಯಾಸದಲ್ಲಿ ಳ, ಣ, ಅನುಸ್ವಾರ ಮೂರಕ್ಕೂ ಶಿಫ್ಟ್ ಬೇಕು, ಮೂರೂ ಬಲಗೈ ಬೆರಳಿನವು. ಅಂದರೆ ಪ್ರತಿ ಸಲವೂ ಎಡಗೈ ಕಿರುಬೆರಳು ಶಿಫ್ಟ್ ಹಿಡಿಯಬೇಕು. ಅಲ್ಲೇ ನಿಂತು ಮಳೆ, ಬಾಳೆ, ಕಣಿವೆ ಎಂದು ಬೆರಳು ಓಡಿಸಿದೆ. ಕಿರುಬೆರಳು ಹೋಗಿ ಕೂತದ್ದು ಆ ಹೆಚ್ಚುವರಿ ಕೀಲಿಯ ಮೇಲೆ. ಪರದೆಯಲ್ಲಿ ದೊಡ್ಡ ಎಲ್ ಬದಲು ಸಣ್ಣ ಎಲ್, ಅದರ ಹಿಂದೆ ಕೊಕ್ಕಿನಂತಹ ಗುರುತು. ಶಿಫ್ಟ್ ಇಲ್ಲದ ಎಲ್ ಕನ್ನಡದಲ್ಲಿ ಲ, ಹಾಗಾಗಿ ಮಳೆ ಮಲೆಯಾಗುತ್ತದೆ, ಬಾಳೆ ಬಾಲೆಯಾಗುತ್ತದೆ. ಎರಡೂ ಒಳ್ಳೆಯ ಕನ್ನಡ ಶಬ್ದಗಳೇ ಆದ್ದರಿಂದ ಆ ಗುರುತನ್ನಷ್ಟೇ ಅಳಿಸಿಬಿಟ್ಟರೆ ಕರಡು ತಿದ್ದುವಾಗಲೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸ್ಟಿಕ್ಕರಿನಿಂದ ಶಿಫ್ಟ್ ಉದ್ದವಾಗುವುದಿಲ್ಲ ಎಂದು ಹೇಳಿ ಹೊರಬಂದೆ.

ಕೊನೆಗೆ ಮಗಳು ಲೆನೊವೊ ಕಂಪನಿಯ ಜಾಲತಾಣದಲ್ಲಿಯೇ ಕೀಲಿಮಣೆ ಆಯ್ದು ಒಂದು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ತರಿಸಿದಳು. ಇಲ್ಲಿ ಒಂದು ಎಚ್ಚರಿಕೆ: ‘ಇಂಗ್ಲಿಷ್’ ಎಂದಷ್ಟೇ ಕೇಳಿದರೆ ಸಾಲದು. ಬ್ರಿಟನ್ನಿನ ಇಂಗ್ಲಿಷ್ ಕೀಲಿಮಣೆಯಲ್ಲೂ ಎಡ ಶಿಫ್ಟ್ ಮೊಟಕೇ. ಅಮೆರಿಕದ್ದೇ ಬೇಕೆಂದು ಆರಿಸಬೇಕು, ನಮ್ಮೂರಿನಲ್ಲಿ ಮಾರುವುದು ಬಹುಮಟ್ಟಿಗೆ ಅದನ್ನೇ. ಕಾಯಬೇಕಾದದ್ದು ಹನ್ನೆರಡು ದಿನ. ಕಾದದ್ದಕ್ಕೆ ನನಗೆ ಬೇಸರವಿಲ್ಲ. ಕೀಲಿಗಳ ನಡುಭಾಗ ತುಸು ತಗ್ಗು, ಬೆರಳ ತುದಿ ತಾನಾಗಿ ಅಲ್ಲಿ ಕೂರುತ್ತದೆ. ಒತ್ತಿದ್ದು ಒತ್ತಿತೋ ಇಲ್ಲವೋ ಎಂಬ ಅನುಮಾನವೇ ಬರುವುದಿಲ್ಲ. ಭಾಮಿನಿ ಷಟ್ಪದಿಯ ಪದ್ಯಗಳನ್ನು ತಲೆಯೆತ್ತದೆ ಟೈಪು ಮಾಡಿದೆ.

ಹಣದ ವಿಚಾರ: ಅಲ್ಲಿನ 19% ತೆರಿಗೆ ಬೆಲೆಯೊಳಗೇ ಸೇರಿರುತ್ತದೆ. ಪ್ರವಾಸಿಗರು ಅದನ್ನು ಮರಳಿ ಪಡೆಯಲು ಅವಕಾಶವಿದೆ, ಆದರೆ ಮಗಳು ಅಲ್ಲಿಯ ನಿವಾಸಿ, ಬಿಲ್ಲು ಅವಳ ಹೆಸರಿನಲ್ಲಿತ್ತು, ಹಾಗಾಗಿ ನಮಗೆ ಸಿಗಲಿಲ್ಲ. ನಮ್ಮ ದೇಶಕ್ಕೆ ಬರುವ ವಯಸ್ಕ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು, ವಿಮಾನ ನಿಲ್ದಾಣದಲ್ಲಿ ಯಾರೂ ತಡೆಯಲಿಲ್ಲ.

ವಿದ್ಯುತ್ತು ಎರಡೂ ಕಡೆ 230 ವೋಲ್ಟ್. ಚಾರ್ಜರಿನ ದಪ್ಪ ಜರ್ಮನ್ ಪ್ಲಗ್ ಮಾತ್ರ ನಮ್ಮ ಅಂಗಡಿಯ ಸಾಕೆಟ್ಟಿಗೆ ಹಿಡಿಸಲಿಲ್ಲ. ದೇವಿಕೆರೆ ಹತ್ತಿರ ಮೂರು ಪಿನ್ನಿನ ತಂತಿಯೊಂದನ್ನು ಕೊಂಡು ಹಾಕಿಕೊಂಡಿದ್ದೇನೆ.