ಹನ್ನೊಂದು ಮಳೆಗಾಲ ಕಂಡ ಟ್ವಿನ್ ರಿವರ್ಬ್: ಸ್ಟೀಲ್ ಗಿಟಾರಿಗೆ ಹಳೆಯ ಆ್ಯಂಪ್ ಹುಡುಕುವವರಿಗೆ

ನಾನು ನುಡಿಸುವುದು ಸ್ಟೀಲ್ ಗಿಟಾರ್, ಅಂದರೆ ಮಲಗಿಸಿಟ್ಟು ತಂತಿಯ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ಗಿಟಾರ್. ಅದರ ದನಿಯನ್ನು ಜೋರು ಮಾಡಲು ನನ್ನ ಹತ್ತಿರ ಇರುವ ಆ್ಯಂಪ್ 1975ರ ಫೆಂಡರ್ ಟ್ವಿನ್ ರಿವರ್ಬ್. ಮುಂದಿನ ಪಟ್ಟಿ ಬೆಳ್ಳಿ ಬಣ್ಣದ್ದು, ಅದಕ್ಕೇ ಇದನ್ನು ಸಿಲ್ವರ್‌ಫೇಸ್ ಅನ್ನುತ್ತಾರೆ. 2014ರಲ್ಲಿ ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ ಕೊಂಡೆ. ಅಮೆರಿಕದಲ್ಲಿ ತುಂಬಾ ವರ್ಷ ಇದ್ದು ಊರಿಗೆ ಮರಳಿದ ಒಂದು ಕುಟುಂಬ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ತರಿಸಿದ್ದ ಆ್ಯಂಪ್ ಅದು. 58 ಸಾವಿರ ಕೊಟ್ಟೆ. ಅಂದಿನಿಂದ ಮಂಗಳೂರಿನ ಕಂಕನಾಡಿಯ ನಮ್ಮ ಮನೆಯಲ್ಲಿದೆ. ರೋಸ್ (ನಮ್ಮ ಕಡೆಯ ಕ್ಯಾಥೊಲಿಕರ ಮದುವೆಗೆ ಮುಂಚಿನ ಶಾಸ್ತ್ರ) ಸಂಜೆಗಳು, ಮದುವೆ ಹಾಲ್, ಚರ್ಚಿನ ಹಬ್ಬ, ಕೆಲವೊಮ್ಮೆ ಭಜನೆ. ವರ್ಷಕ್ಕೆ ಮೂವತ್ತು ನಲವತ್ತು ಕಾರ್ಯಕ್ರಮಕ್ಕೆ ಇದೇ ಹೋಗುತ್ತದೆ. ಹನ್ನೊಂದು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟೇ: ಸ್ಟೀಲ್ ಗಿಟಾರಿಗೆ ಆ್ಯಂಪ್ ನೋಡುವಾಗ ಹೆಸರನ್ನೂ ವಯಸ್ಸನ್ನೂ ನೋಡಬೇಡಿ. ಜೋರಾಗಿ ನುಡಿಸಿದಾಗಲೂ ದನಿ ಒಡೆಯದೆ ನಿಲ್ಲುತ್ತದಾ ನೋಡಿ. ನಮ್ಮ ಕರಾವಳಿಯಲ್ಲಾದರೆ, ಅದನ್ನು ಬಿಚ್ಚಿ ಸರಿಮಾಡುವ ಮೆಕ್ಯಾನಿಕ್ ಹತ್ತಿರದಲ್ಲಿ ಇದ್ದಾರಾ ಎಂದೂ ನೋಡಿ. ಈ ಎರಡಕ್ಕೂ ಹೌದು ಎನ್ನುವ ಉತ್ತರ ಸಿಕ್ಕರೆ ಮಾತ್ರ ಹಳೆಯ ಆ್ಯಂಪಿಗೆ ದುಡ್ಡು ಹಾಕಿ.

ಮಾಮೂಲಿ ಗಿಟಾರ್ ನುಡಿಸುವವರಲ್ಲಿ ತುಂಬಾ ಜನರಿಗೆ ಸ್ವಲ್ಪ ಒಡೆದ, ಉರಿ ಇರುವ ದನಿ ಇಷ್ಟ. ನಮಗೆ ಅದು ಆಗುವುದಿಲ್ಲ. ನಾವು ತಂತಿಯ ಮೇಲೆ ಬಾರ್ ಇಟ್ಟು ಎರಡು ಮೂರು ಸ್ವರ ಒಟ್ಟಿಗೆ ಜಾರಿಸುತ್ತೇವೆ. ದನಿ ಒಡೆಯಿತೋ, ಆ ಸ್ವರಗಳು ಒಂದಕ್ಕೊಂದು ಬೆರೆತು ನಾವು ನುಡಿಸದ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಬಾರ್ ಸರಿಯಾದ ಜಾಗದಲ್ಲೇ ಇದ್ದರೂ ಶ್ರುತಿ ತಪ್ಪಿದ ಹಾಗೆ ಕೇಳುತ್ತದೆ. ಜೊತೆಗೆ ವಾಲ್ಯೂಮ್ ಪೆಡಲ್ ಬೇರೆ. ತಂತಿ ಮೀಟುವಾಗ ಪೆಡಲ್ ಅರ್ಧದಲ್ಲಿರುತ್ತದೆ. ಸ್ವರ ಕುಗ್ಗುತ್ತಾ ಹೋದ ಹಾಗೆ ಕಾಲಿನಿಂದ ಮೆಲ್ಲನೆ ಒತ್ತುತ್ತಾ ಹೋಗುತ್ತೇವೆ. ಕೇಳುವವರಿಗೆ ಸ್ವರ ಸಣ್ಣದಾಗಿದ್ದೇ ಗೊತ್ತಾಗುವುದಿಲ್ಲ. ಇದಕ್ಕೆಲ್ಲ ಆ್ಯಂಪಿನಲ್ಲಿ ಶಕ್ತಿ ಮಿಕ್ಕಿರಬೇಕು. ಟ್ವಿನ್‌ಗೆ ಮೊದಲು ನಾನು 15 ವಾಟಿನ ಒಂದು ಚಿಕ್ಕ ವಾಲ್ವ್ ಆ್ಯಂಪ್ ಇಟ್ಟುಕೊಂಡಿದ್ದೆ. ವಾಲ್ವ್ ಅಂದರೆ ಹಳೆ ರೇಡಿಯೋದಲ್ಲಿ ಇರುತ್ತಿದ್ದ ಗಾಜಿನ ಕೊಳವೆ. ಮನೆಯಲ್ಲಿ ಜೇನಿನ ಹಾಗಿತ್ತು. ಬಿಜೈಯ ಒಂದು ಹಾಲಿನಲ್ಲಿ ಡ್ರಮ್ಸ್ ಶುರುವಾದ ಕೂಡಲೇ ಗೊರಗೊರ ಎಂದಿತು.

ಇತಿಹಾಸ ನೋಡಿದರೂ ಈ ಸಂಬಂಧ ಹಳೆಯದು. ಮಾರುಕಟ್ಟೆಗೆ ಬಂದ ಮೊದಲ ಎಲೆಕ್ಟ್ರಿಕ್ ಗಿಟಾರ್, 1932ರ ರಿಕನ್‌ಬ್ಯಾಕರ್, ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರೇ. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಕೂಡ 1945ರ ಹೊತ್ತಿಗೆ ಸ್ಟೀಲ್ ಗಿಟಾರ್ ಮತ್ತು ಆ್ಯಂಪನ್ನು ಜೋಡಿಯಾಗಿ ಮಾರುತ್ತಿದ್ದರು. ನಮ್ಮ ಹಿರಿಯರು ಇದನ್ನು ಹವಾಯಿಯನ್ ಗಿಟಾರ್ ಎಂದೇ ಕರೆಯುತ್ತಾರೆ. ಹವಾಯಿ ಸಂಗೀತದ ಸ್ಟೀಲ್ ಗಿಟಾರ್ ವಾದಕ ಟಾವ್ ಮೋ 1940ರ ದಶಕದಲ್ಲಿ ಕಲ್ಕತ್ತಾದಲ್ಲೇ ಇದ್ದರು ಎನ್ನುವುದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಟ್ವಿನ್ ರಿವರ್ಬ್ ಬಂದದ್ದು 1963ರಲ್ಲಿ. ಮೊದಲಿನವು 85 ವಾಟ್. ನನ್ನದರ ಕಾಲಕ್ಕೆ 100 ವಾಟ್. 1977ರ ಸುಮಾರಿಗೆ 135 ವಾಟಿನದು ಬಂತು. ಒಳಗೆ ಒಟ್ಟು ಹತ್ತು ವಾಲ್ವ್: ಸ್ಪೀಕರಿಗೆ ಶಕ್ತಿ ಕೊಡುವ ದೊಡ್ಡವು ನಾಲ್ಕು (6ಎಲ್6), ಚಿಕ್ಕವು ಆರು (ನಾಲ್ಕು 12ಎಎಕ್ಸ್7, ಎರಡು 12ಎಟಿ7). ಹನ್ನೆರಡು ಇಂಚಿನ ಎರಡು ಸ್ಪೀಕರ್. ಗಿಟಾರ್ ಹುಡುಗರು ಸಿಲ್ವರ್‌ಫೇಸ್ ಸಿಕ್ಕಾಪಟ್ಟೆ ಕ್ಲೀನ್, ಒಡೆಯುವುದೇ ಇಲ್ಲ ಎಂದು ದೂರುತ್ತಾರೆ. ಹಾಗಾಗಿ ಅದಕ್ಕಿಂತ ಹಿಂದಿನ ಕಪ್ಪು ಮುಖದ್ದಕ್ಕೆ ಬೆಲೆ ಜಾಸ್ತಿ. ನಮಗೆ ಬೇಕಾದ್ದು ಕ್ಲೀನ್ ದನಿಯೇ ಅಲ್ವಾ? ಕಪ್ಪು ಮುಖಕ್ಕೆ ಹೆಚ್ಚಿನ ದುಡ್ಡು ಕೊಡುವ ಅಗತ್ಯ ಸ್ಟೀಲ್ ನುಡಿಸುವವರಿಗೆ ಇಲ್ಲವೇ ಇಲ್ಲ.

ಸೆಟ್ಟಿಂಗ್ ಕೇಳುವವರು ಜಾಸ್ತಿ. ನಾನು ಆರು ತಂತಿಯ ಲ್ಯಾಪ್ ಸ್ಟೀಲನ್ನು (ತೊಡೆಯ ಮೇಲಿಡುವ ಸ್ಟೀಲ್ ಗಿಟಾರ್) ಸಿ6 ಎಂಬ ಶ್ರುತಿ ಜೋಡಣೆಯಲ್ಲಿ ನುಡಿಸುತ್ತೇನೆ. ಬ್ರೈಟ್ ಸ್ವಿಚ್ ಆಫ್, ಇದು ಮುಖ್ಯ. ಸ್ಟೀಲ್ ಬಾರಿನ ದನಿ ಮೊದಲೇ ಚೂಪು. ಮಾಸ್ಟರ್ (ಒಟ್ಟು ದನಿಯ ವಾಲ್ಯೂಮ್) ಪೂರ್ತಿ ಹತ್ತಕ್ಕೆ, ಚಾನೆಲ್ ವಾಲ್ಯೂಮ್ ನಾಲ್ಕರ ಒಳಗೆ. ಟ್ರೆಬಲ್ ನಾಲ್ಕೂವರೆ, ಬೇಸ್ ಮೂರು, ಮಿಡ್ಲ್ ಏಳು. ಈ ಸರ್ಕ್ಯೂಟ್ ಸ್ವಭಾವತಃ ನಡುವಿನ ದನಿಯನ್ನು ಕಡಿಮೆ ಮಾಡುತ್ತದೆ, ಅದಕ್ಕೇ ಮಿಡ್ಲ್ ಏರಿಸುವುದು. ರಿವರ್ಬ್, ಅಂದರೆ ಒಳಗಿನ ಸ್ಪ್ರಿಂಗಿನಿಂದ ಬರುವ ಪ್ರತಿಧ್ವನಿ, ಮೂರು ಸಾಕು. ಹಾಲಿನಲ್ಲೇ ಪ್ರತಿಧ್ವನಿ ಇದ್ದರೆ ಎರಡು.

ದನಿಯ ಬಗ್ಗೆ ಹೇಳುವುದು ಕಷ್ಟ, ಆದರೂ ಒಂದು ಮಾತು. ರೋಸ್‌ನಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ಹಿನ್ನೆಲೆಗೆ ಒಂದು ನಿಧಾನದ ವಾಲ್ಟ್ಜ್ ನುಡಿಸುತ್ತೇನೆ. ಮೇಲಿನ ಎರಡು ತಂತಿಯಲ್ಲಿ ಬಾರ್ ಹನ್ನೆರಡನೇ ಗೆರೆಗೆ ಜಾರಿ ನಿಂತಾಗ, ಸ್ವರದ ಕೊನೆಯಲ್ಲಿ ರಿವರ್ಬಿನ ಸ್ಪ್ರಿಂಗ್ ತೆಳ್ಳಗೆ ನಡುಗುತ್ತದೆ. ಹಿಂದಿನ ಸಾಲಿನಲ್ಲಿ ಮಾತಾಡುತ್ತಿದ್ದ ಅಜ್ಜಿಯಂದಿರು ಸುಮ್ಮನಾಗುತ್ತಾರೆ. ನಾನು ಈ ಆ್ಯಂಪ್ ಇಟ್ಟುಕೊಂಡಿರುವುದು ಆ ಕ್ಷಣಕ್ಕಾಗಿ.

ಇನ್ನು ಕಷ್ಟದ ವಿಷಯ. ಮೊದಲನೆಯದು ಕರೆಂಟು. ಅಮೆರಿಕದ ಆ್ಯಂಪ್ 117 ವೋಲ್ಟಿನದು, ನಮ್ಮಲ್ಲಿ 230. ಮೊದಲ ವರ್ಷ ಅಂಗಡಿಯೊಂದರಲ್ಲಿ 500 ವಾಟ್ ಎಂದು ಬರೆದಿದ್ದ ಸ್ಟೆಪ್‌ಡೌನ್, ಅಂದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್, ಕೊಂಡು ತಂದೆ. ಒಂದು ಗಂಟೆಗೆ ಮುಟ್ಟಲಾಗದಷ್ಟು ಬಿಸಿ. ಎರಡನೇ ತಿಂಗಳು ವಾರ್ನಿಶ್ ಸುಟ್ಟ ವಾಸನೆ ಬಂತು, ಹಾಡಿನ ನಡುವೆ ಆ್ಯಂಪ್ ಸತ್ತುಹೋಯಿತು. ಅದರ ತೂಕ ನೋಡಿದ್ದರೆ ಆ ದಿನವೇ ತಿಳಿಯುತ್ತಿತ್ತು. ಒಳಗೆ ತಾಮ್ರ, ಕಬ್ಬಿಣ ಎರಡೂ ಕಡಿಮೆ. ಆಮೇಲೆ ವೈಂಡಿಂಗ್ ಮಾಡುವವರ ಹತ್ತಿರ ಹೇಳಿ ಮಾಡಿಸಿದೆ. ಒಂದು ಕೆವಿಎ (ಅಂದಾಜು ಸಾವಿರ ವಾಟ್), 240ಕ್ಕೆ 115 ವೋಲ್ಟ್ ಬರುವ ಹಾಗೆ. ರಾತ್ರಿ ಹೊತ್ತು ನಮ್ಮಲ್ಲಿ ವೋಲ್ಟೇಜ್ ಏರುವುದುಂಟು, ಹಾಗಾಗಿ ಸ್ವಲ್ಪ ತಗ್ಗಿಸಿಯೇ ಸುತ್ತಿಸಿದ್ದು. ಎರಡು ಸುರುಳಿ ಬೇರೆ ಬೇರೆ ಇರುವ ಐಸೊಲೇಷನ್ ಥರದ್ದೇ ಕೇಳಿ. ಒಂದೇ ಸುರುಳಿಯ ಆಟೊ ಟ್ರಾನ್ಸ್‌ಫಾರ್ಮರ್ ಅಗ್ಗ, ಆದರೆ ಆ್ಯಂಪನ್ನು ಮೈನ್ಸಿನಿಂದ ಬೇರೆ ಮಾಡುವುದಿಲ್ಲ. ಅರ್ತ್ ವಯರ್ ಸರಿಯಾಗಿ ಆ್ಯಂಪಿನ ತಗಡಿಗೆ ಸೇರಿರಲೇಬೇಕು. ಹಿಂದಿನ ಗ್ರೌಂಡ್ ಸ್ವಿಚ್ಚಿಗೆ ಇರುವ ಕೆಪಾಸಿಟರ್ ತೆಗೆಸಿಬಿಡಿ. ಅದು ಶಾರ್ಟ್ ಆದರೆ ಮೈನ್ಸ್ ನೇರ ತಗಡಿಗೆ ಬರುತ್ತದೆ, ಅಲ್ಲಿಂದ ಉಕ್ಕಿನ ಬಾರ್ ಹಿಡಿದ ನಿಮ್ಮ ಕೈಗೆ.

ಎರಡನೆಯದು ಮಳೆ. ಮೊದಲ ಜೂನ್ ಕಳೆಯುವಷ್ಟರಲ್ಲಿ ಒಗ್ಗರಣೆ ಸಿಡಿದ ಹಾಗೆ ಸದ್ದು ಶುರುವಾಯಿತು. ವಾಲ್ವ್ ಬದಲಾಯಿಸಿ ನೋಡಿದೆ, ನಿಲ್ಲಲಿಲ್ಲ. ಬಂದರಿನ ಕಡೆ ವಾಲ್ವ್ ರೇಡಿಯೋ ಕಾಲದಿಂದ ಕೆಲಸ ಮಾಡುತ್ತಿರುವ ಒಬ್ಬರ ಹತ್ತಿರ ಒಯ್ದೆ. ಅವರು ಚಾಸಿಸ್ (ಬಿಡಿಭಾಗ ಕೂರಿಸಿದ ತಗಡಿನ ಪೆಟ್ಟಿಗೆ) ತಲೆಕೆಳಗೆ ಮಾಡಿ, ಆನ್ ಮಾಡಿ, ಎಡಗೈಯನ್ನು ಪ್ಯಾಂಟಿನ ಕಿಸೆಗೆ ಹಾಕಿಕೊಂಡರು. ಬಲಗೈಯಲ್ಲಿ ಒಣಗಿದ ಒಂದು ಹಿಡಿಸೂಡಿ (ಪೊರಕೆ) ಕಡ್ಡಿ. ಅದರ ತುದಿಯಿಂದ ಒಂದೊಂದೇ ಬಿಡಿಭಾಗವನ್ನು ತಟ್ಟುತ್ತಾ ಬಂದರು. ಮೂರನೇ ವಾಲ್ವಿನ ಹತ್ತಿರ ತಟ್ಟಿದಾಗ ಸ್ಪೀಕರ್ ಚಟಪಟ ಎಂದಿತು.

"ಇದು ವಾಲ್ವ್ ಅಲ್ಲ ಮಾಸ್ಟ್ರೇ. ರೆಸಿಸ್ಟರ್ ನೀರು ಕುಡಿದಿದೆ."

"ಇದಕ್ಕೆ ಎಂತ ಮಾಡುವುದು ಅಣ್ಣಾ?"

"ಎಂತ ಇಲ್ಲ. ತೆಗೆದು ಮೆಟಲ್ ಫಿಲ್ಮ್ ಹಾಕುವುದು. ಹಳೆ ಕಾರ್ಬನ್ ನಮ್ಮ ಊರಿಗೆ ಆಗುವುದಿಲ್ಲ."

ಆ ಕಾಲದ ಕಾರ್ಬನ್ ಕಾಂಪೋಸಿಷನ್ ರೆಸಿಸ್ಟರ್ ಗಾಳಿಯ ತೇವ ಹೀರುತ್ತದೆ. ಪ್ರೀ ಆ್ಯಂಪ್ (ಮೊದಲ ಹಂತದ) ವಾಲ್ವ್‌ಗಳ 100 ಕಿಲೋ ಓಮಿನವನ್ನೆಲ್ಲ ಬದಲಾಯಿಸಿದರು. ಅದೇ ಹೊತ್ತಿಗೆ ಫಿಲ್ಟರ್ ಕೆಪಾಸಿಟರ್‌ಗಳನ್ನೂ ಹೊಸತು ಹಾಕಿಸಿದೆ. ಅವು ವರ್ಷ ಕಳೆದಂತೆ ಒಳಗೆ ಒಣಗುತ್ತವೆ, ನಲವತ್ತು ವರ್ಷದ್ದನ್ನು ನಂಬುವ ಹಾಗಿಲ್ಲ. ಸಿಡಿಯುವ ಸದ್ದೂ ಹೋಯಿತು, ಹಿಂದೆ ಗುಂಯ್ ಎನ್ನುತ್ತಿದ್ದ ಸದ್ದೂ ಹೋಯಿತು. ಒಟ್ಟು ಆರೂವರೆ ಸಾವಿರ ಆಯಿತು. ನೀವಾಗಿ ಬಿಚ್ಚಿ ಕೈ ಹಾಕಬೇಡಿ. ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರ್‌ಗಳಲ್ಲಿ 400 ವೋಲ್ಟಿಗೂ ಮೇಲೆ ನಿಂತಿರಬಹುದು, ಜೀವಕ್ಕೇ ಅಪಾಯ.

ಸ್ಪೀಕರ್ ಕೂರಿಸಿದ ಹಲಗೆ ಮೂರನೇ ಮಳೆಗೆ ಉಬ್ಬಿತು. ನಮ್ಮ ಬೀದಿಯ ಆಚಾರಿ ಮರೈನ್ ಪ್ಲೈಯಲ್ಲಿ ಅದೇ ಅಳತೆಗೆ ಹೊಸತು ಕೊರೆದು ಕೊಟ್ಟರು, ಹನ್ನೊಂದನೇ ಮಳೆಗೂ ಅಲುಗಿಲ್ಲ. ಮಳೆಗಾಲದಲ್ಲಿ ಆ್ಯಂಪನ್ನು ಗೋಡೆಯಿಂದ ಒಂದು ಅಡಿ ದೂರ ಇಡುತ್ತೇನೆ, ಹಿಂದೆ ಒಂದು ಜೀರೋ ಬಲ್ಬ್ ಹಗಲೂ ರಾತ್ರಿ ಉರಿಯುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕುವುದಿಲ್ಲ, ಒಳಗೆ ಬೆವರುತ್ತದೆ. ಹಳೆಯ ಹತ್ತಿ ಬೆಡ್‌ಶೀಟ್ ಸಾಕು. ವಾರಕ್ಕೆ ಎರಡು ಸಲ ಅರ್ಧ ಗಂಟೆ ಆನ್ ಮಾಡಿ ನುಡಿಸಿದರೆ ಸಾಕೆಟ್ ಒಣಗಿರುತ್ತದೆ.

ಮೂರನೆಯದು ತೂಕ. ಹತ್ತಿರ ಹತ್ತಿರ 30 ಕಿಲೋ. ಲಿಫ್ಟ್ ಇಲ್ಲದ ಹಾಲ್ ಆದರೆ ಇಬ್ಬರು ಬೇಕೇ ಬೇಕು.

ಬೇರೆ ಯಾವುದೂ ನೋಡಲಿಲ್ಲ ಎಂದಲ್ಲ. ಉದ್ಯಾವರದ ಗೆಳೆಯರೊಬ್ಬರ ಹತ್ತಿರ ಪೀವಿ ನ್ಯಾಶ್‌ವಿಲ್ 400 ಉಂಟು, 1980ರ ದಶಕದ್ದು. ಸ್ಟೀಲ್ ಗಿಟಾರಿಗೆಂದೇ ಮಾಡಿದ ಟ್ರಾನ್ಸಿಸ್ಟರ್ ಆ್ಯಂಪ್, 200 ವಾಟಿಗೂ ಮೇಲೆ, 15 ಇಂಚಿನ ಒಂದೇ ಸ್ಪೀಕರ್. ಅದರಲ್ಲಿ ನಡುವಿನ ದನಿಯನ್ನು ಯಾವ ಜಾಗದಲ್ಲಿ ಕತ್ತರಿಸಬೇಕು ಎಂದು ತಿರುಗಿಸಿ ಹುಡುಕಬಹುದು. 800 ಹರ್ಟ್ಜ್ ಸುಮಾರಿಗೆ ಇಟ್ಟು ತಗ್ಗಿಸಿದರೆ ಮೂಗಿನ ದನಿ ಮಾಯ. ಎರಡು ಭಾನುವಾರ ಅದನ್ನು ನುಡಿಸಿದೆ. ಕೆಳಗಿನ ತಂತಿಗಳು ಟ್ವಿನ್‌ಗಿಂತ ದಪ್ಪಗೆ, ದುಂಡಗೆ ಕೇಳುತ್ತವೆ. ಹತ್ತು ತಂತಿಯ ಪೆಡಲ್ ಸ್ಟೀಲ್ (ಕಾಲಿನ ಪೆಡಲಿನಿಂದ ತಂತಿಯ ಶ್ರುತಿ ಬದಲಿಸುವ ಸ್ಟೀಲ್ ಗಿಟಾರ್) ಇದ್ದವರಿಗೆ ನಾನು ಅದನ್ನೇ ಹೇಳುವುದು. ವಾಲ್ವಿನ ಖರ್ಚೂ ಇಲ್ಲ. ಮೇಲಿನ ತಂತಿಯ ಆ ನಡುಕ ಮಾತ್ರ ನನಗೆ ಅದರಲ್ಲಿ ಸಿಗಲಿಲ್ಲ. 15 ಇಂಚಿನ ದುಂಡು ದನಿಯೂ ಬೇಕು, ವಾಲ್ವೂ ಬೇಕು ಅನ್ನುವವರಿಗೆ ಫೆಂಡರ್ 1970ರ ದಶಕದಲ್ಲಿ ವೈಬ್ರೋಸಾನಿಕ್ ರಿವರ್ಬ್ ಎಂದು ಮಾಡಿತ್ತು. ಹೆಚ್ಚುಕಡಿಮೆ ಟ್ವಿನ್ನೇ, ಸ್ಪೀಕರ್ ಮಾತ್ರ 15 ಇಂಚಿನದು ಒಂದು. ನಮ್ಮ ಕಡೆ ನಾನು ಕಂಡಿಲ್ಲ. ರೋಲ್ಯಾಂಡ್ ಜಾಝ್ ಕೋರಸ್ 120, 1975ರಲ್ಲಿ ಬಂದದ್ದು, ಅದೂ ಟ್ರಾನ್ಸಿಸ್ಟರ್. ಕ್ಲೀನ್ ವಿಷಯದಲ್ಲಿ ಯಾರೂ ತಪ್ಪು ಹೇಳುವಂತಿಲ್ಲ. ಮೆಕ್ಯಾನಿಕ್ ಹತ್ತಿರದಲ್ಲಿ ಇಲ್ಲದವರು ಅದನ್ನು ನೋಡಬಹುದು.

ಕೊಳ್ಳಲು ಹೋಗುವಾಗ ನಿಮ್ಮ ಗಿಟಾರ್, ನಿಮ್ಮ ಬಾರ್, ನಿಮ್ಮ ಪೆಡಲ್ ಒಯ್ಯಿರಿ. ಪವರ್ ಹಾಕಿ ಒಂದು ನಿಮಿಷ ಬಿಟ್ಟು ಸ್ಟ್ಯಾಂಡ್‌ಬೈ ಸ್ವಿಚ್ಚನ್ನು ಆನ್ ಕಡೆಗೆ ಹಾಕಿ, ಆಗಲೇ ದನಿ ಬರುವುದು. ಆರು ತಂತಿಯನ್ನೂ ಒಟ್ಟಿಗೆ ಮೀಟಿ ಪೆಡಲ್ ಪೂರ್ತಿ ಒತ್ತಿ, ಸ್ವರ ಸಾಯುವ ತನಕ ಕೇಳಿ. ಅರ್ಧ ಗಂಟೆ ಆನ್ ಇರಲಿ, ಎಷ್ಟೋ ತೊಂದರೆ ಬಿಸಿಯಾದ ಮೇಲೆಯೇ ಕಾಣುವುದು. ಸ್ಪೀಕರಿನ ಹಿಂದೆ ಟಾರ್ಚ್ ಹಾಕಿ ನೋಡಿ. ನನ್ನದರಲ್ಲಿ 67-7518 ಎಂದಿದೆ. 67 ಅಂದರೆ ಎಮಿನೆನ್ಸ್ ಕಂಪನಿ, 75 ವರ್ಷ, 18 ವಾರ. ಮಾರುವವರು 1968ರದ್ದು ಎಂದು ಹೇಳಿ ಸ್ಪೀಕರ್ 1975ರದ್ದಾಗಿದ್ದರೆ, ಸ್ಪೀಕರ್ ಬದಲಾಗಿದೆ ಅಥವಾ ವರ್ಷ ತಪ್ಪು. ಟ್ರಾನ್ಸ್‌ಫಾರ್ಮರ್ ಮೇಲೂ ಹೀಗೇ ಕೋಡ್ ಇರುತ್ತದೆ, ಎರಡನ್ನೂ ಹೋಲಿಸಿ. ಟ್ರಾನ್ಸ್‌ಫಾರ್ಮರ್ ಮೂಲದ್ದೇ ಇದ್ದರೆ ಉಳಿದದ್ದನ್ನು ಸರಿಮಾಡಿಸಬಹುದು.

ಹನ್ನೊಂದು ವರ್ಷದಲ್ಲಿ 6ಎಲ್6 ಮೂರು ಸೆಟ್ ಹಾಕಿದ್ದೇನೆ, ನಾಲ್ಕೂ ಮ್ಯಾಚ್ ಆದದ್ದು, ಪ್ರತಿ ಸಲ ಬಯಾಸ್ (ವಾಲ್ವಿನಲ್ಲಿ ಹರಿಯುವ ಕರೆಂಟನ್ನು ನಿಗದಿ ಮಾಡುವುದು) ಹೊಂದಿಸಿಯೇ. ಸ್ಟೆಪ್‌ಡೌನ್, ರಿಪೇರಿ, ಹಲಗೆ, ವಾಲ್ವ್ ಎಲ್ಲ ಸೇರಿ ಕೊಂಡ ಬೆಲೆಯ ಮುಕ್ಕಾಲು ಪಾಲು ಮತ್ತೆ ಖರ್ಚಾಗಿದೆ. ಇದನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಕೊಡುತ್ತೀರಾ ಎಂದು ಮೂರು ಜನ ಕೇಳಿದ್ದಾರೆ. ಕೊಡುವುದಿಲ್ಲ. ನವೆಂಬರಿನಲ್ಲಿ ಮದುವೆ ಸೀಸನ್ ಶುರು, ಅದರೊಳಗೆ ರಿವರ್ಬ್ ಡಬ್ಬಿಯ ತುಕ್ಕು ಹಿಡಿದ ಪಿನ್ ಒಂದನ್ನು ಬದಲಾಯಿಸಲು ಬಂದರಿಗೆ ಹೋಗಬೇಕು.