ಮೈಕಿಲ್ಲದ ವೀಣೆ, ಪಕ್ಕದಲ್ಲೇ ಮೃದಂಗ: ತೀರ್ಥಹಳ್ಳಿ ಕಡೆಯ ಒಂದು ಮನೆ ಕಚೇರಿ

ವೀಣೆಯನ್ನು ಮೈಕಿಲ್ಲದೆ ಕೇಳುವ ಆಸೆಯಿದ್ದವರಿಗೆ ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಈ ಮನೆ ಒಳ್ಳೆಯ ಜಾಗ. ಜಗಲಿಯಲ್ಲಿ ನಲವತ್ತು ಜನ ಒತ್ತಾಗಿ ಕೂರಬಹುದು, ತಲೆಗೆ 300 ರೂಪಾಯಿ, ಕಾಫಿ ಕಡುಬು ಅದರಲ್ಲೇ ಸೇರಿದೆ. ಈ ಸಲ ವೀಣೆ, ಮೃದಂಗ, ಘಟ. ಸಂಗೀತದ ಬಗ್ಗೆ ದೂರಲು ಹೆಚ್ಚೇನೂ ಇಲ್ಲ. ವ್ಯವಸ್ಥೆಯಲ್ಲಿ ಮಾತ್ರ ತಿದ್ದಿಕೊಳ್ಳಬೇಕಾದ್ದು ಒಂದಷ್ಟಿದೆ.

ಸಭಾಂಗಣದಲ್ಲಿ ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿದರೆ ಮೀಟಿನ ಸದ್ದು ಚೂಪಾಗಿ ಮುಂದೆ ಬರುತ್ತದೆ, ಬೆರಳು ತಂತಿಯ ಮೇಲೆ ಜಾರುವ ಸದ್ದೂ ದೊಡ್ಡದಾಗುತ್ತದೆ. ಮೀಟಿದ ಮೇಲೆ ಉಳಿಯುವ ನಾದ ಅದರಲ್ಲಿ ಮುಚ್ಚಿಹೋಗುತ್ತದೆ. ವೀಣೆಯ ಗಮಕವೆಲ್ಲ, ಅಂದರೆ ಸ್ವರವನ್ನು ತೂಗಿ ಜಾರಿಸುವ ಕೆಲಸವೆಲ್ಲ, ಇರುವುದು ಆ ಉಳಿದ ನಾದದಲ್ಲೇ. ಇಲ್ಲಿ ಅದು ಪೂರ್ತಿ ಸಿಕ್ಕಿತು. ಕಲಾವಿದೆಯದು ವೀಣೆ ಶೇಷಣ್ಣನವರಂಥವರು (1852–1926) ಬೆಳೆಸಿದ ಮೈಸೂರು ಬಾನಿ (ನುಡಿಸುವ ಶೈಲಿ). ಮೀಟು ಸ್ಪಷ್ಟ, ಅತಿಯಾದ ಎಳೆತವಿಲ್ಲ. ಮುಖ್ಯ ರಾಗ ಭೈರವಿ. ಏರುವಾಗ ಚತುಶ್ರುತಿ ಧೈವತ (ಎತ್ತರದ ‘ದ’ ಸ್ವರ), ಇಳಿಯುವಾಗ ಶುದ್ಧ ಧೈವತ (ತಗ್ಗಿನ ‘ದ’) ಬರುವ ರಾಗ ಇದು. ಎರಡರ ನಡುವಿನ ಅಂತರ ಮಸುಕಾದರೆ ಭೈರವಿಯೇ ಇಲ್ಲ. ಶುದ್ಧ ಧೈವತವನ್ನು ಅವರು ಅದಕ್ಕಿಂತ ಕೆಳಗಿನ ಪಂಚಮದ ಮೆಟ್ಟಿಲ (ತಂತಿ ಒತ್ತುವ ಪಟ್ಟಿಯ) ಮೇಲೇ ತಂತಿ ಎಳೆದು ತೂಗಿದರು. ಮೀಟು ಒಂದೇ, ತೂಗು ಮೂರು. ಕೊನೆಯದು ಕಿವಿಗೆ ಬಿತ್ತೋ ಇಲ್ಲವೋ ಅನ್ನುವಷ್ಟು ಸಣ್ಣದು. ಮೂರನೇ ಸಾಲಿನವರೆಗೆ ಅದು ಕೇಳಿಸಿತು. ಗೋಡೆ ಬದಿ ಕೂತವರಿಗೆ ಕೇಳಿಸಿರಲಾರದು. ಹಾಗಾಗಿ ಹೋಗುವವರು ಬೇಗ ಹೋಗಿ ಮೊದಲ ಮೂರು ಸಾಲಿನಲ್ಲೇ ಜಾಗ ಹಿಡಿಯಿರಿ.

ತಾಳವಿಲ್ಲದೆ ರಾಗ ಬಿಡಿಸುವ ಆಲಾಪನೆಗಿಂತ, ಅದರ ನಂತರ ಲಯ ಕಟ್ಟಿ ನುಡಿಸುವ ತಾನ ಇನ್ನೂ ಚೆನ್ನಾಗಿತ್ತು. ಪಕ್ಕದ ಮೂರು ತಾಳದ ತಂತಿಗಳನ್ನು ಕಿರುಬೆರಳಿಂದ ಮೀಟುತ್ತಾ ಹೋದಾಗ ಲಯವೂ ಶ್ರುತಿಯೂ ಒಟ್ಟಿಗೆ ಕಟ್ಟಿಕೊಳ್ಳುತ್ತವೆ. ತಾನದ ನಡುವೆ ಕರೆಂಟು ಹೋಗಿ ಎಲೆಕ್ಟ್ರಾನಿಕ್ ತಂಬೂರ ನಿಂತಿತು. ಆದರೂ ಶ್ರುತಿಗೆ ಕೊರತೆಯಾಗಲಿಲ್ಲ, ಆ ಮೂರು ತಂತಿಗಳೇ ಷಡ್ಜ ಪಂಚಮ ಹಿಡಿದುಕೊಂಡಿದ್ದವು. ಮೃದಂಗದವರು ತಾನ ಮುಗಿಯುವವರೆಗೆ ಕೈ ಕಟ್ಟಿ ಕೂತದ್ದೂ ಒಳ್ಳೆಯ ತೀರ್ಮಾನ. ಆಮೇಲೆ ಯಾರದೋ ಮೊಬೈಲಿನಲ್ಲಿ ತಂಬೂರ ಹಾಕಿದರು. ಮಲೆನಾಡಿನ ಮಳೆಗಾಲದಲ್ಲಿ ಈ ಏರ್ಪಾಡು ಮೊದಲೇ ಇರಬೇಕು.

ಮೈಕಿಲ್ಲದ ಕಚೇರಿಯಲ್ಲಿ ದೊಡ್ಡ ಅಪಾಯ ಮೃದಂಗದ್ದು. ವಾಡಿಕೆಯಂತೆ ಮೃದಂಗದವರು ವೀಣೆಯವರ ಬಲಗಡೆ ಕೂತರೆ ಬಲಮುಚ್ಚಿಗೆ (ಬಲಗೈಯಿಂದ ನುಡಿಸುವ ಚರ್ಮದ ಮುಖ) ನೇರ ಕೇಳುಗರ ಕಡೆ ತಿರುಗುತ್ತದೆ. ಗಾರೆ ನೆಲ, ಹಿಂದೆ ಬರಿಯ ಗೋಡೆ ಬೇರೆ; ಪ್ರತಿ ಪೆಟ್ಟೂ ಎರಡು ಸಲ ಕೇಳಿಸುತ್ತದೆ. ಕಚೇರಿ ಶುರುವಿನ ವರ್ಣದಲ್ಲಿ ಹಾಗೇ ಆಯಿತು, ಅದರ ಚಿಟ್ಟೆಸ್ವರದ (ಮೊದಲೇ ಕಟ್ಟಿಟ್ಟ ಸ್ವರಗಳ ಭಾಗದ) ಅರ್ಧ ಮುಳುಗಿತು. ಅದು ಮುಗಿದ ಮೇಲೆ ಮೃದಂಗವನ್ನು ಒಂದಡಿ ಹಿಂದಕ್ಕೆ ಸರಿಸಿ, ಅಡಿಗೆ ಎರಡು ಕಂಬಳಿ ಹಾಸಿ, ಗೋಡೆಗೆ ಒಂದು ಜಮಖಾನ ಇಳಿಬಿಟ್ಟರು. ಅಷ್ಟರಿಂದಲೇ ಸಮತೋಲ ಬಂತು. ಇದನ್ನು ಕಚೇರಿಗೆ ಮೊದಲೇ ನೋಡಿಕೊಳ್ಳಬಹುದಿತ್ತು.

ತೇವದ ಕಾಟ ಇನ್ನೊಂದು. ಗಾಳಿಯ ನೀರಿನಂಶ ಕುಡಿದು ಬಲಮುಚ್ಚಿಗೆಯ ಚರ್ಮ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಪ್ರತಿ ಕೃತಿಯ ನಂತರ ಕಲ್ಲಿನಿಂದ ಅಂಚಿನ ಹೆಣಿಗೆಗೆ ಕೆಳಮುಖವಾಗಿ ಹೊಡೆದು ಏರಿಸಬೇಕಾಯಿತು. ಕೇಳುಗರು ಆಗ ಮಾತಿಗೆ ಇಳಿಯಬಾರದು, ಶ್ರುತಿ ಸೇರಿಸುವವರಿಗೂ ಕಿವಿ ಬೇಕು. ಘಟಕ್ಕೆ ಈ ತೊಂದರೆ ಕಡಿಮೆ, ಆದರೆ ಸುಟ್ಟ ಮಣ್ಣಿನ ಶ್ರುತಿಯನ್ನು ಬೇಕೆಂದ ಹಾಗೆ ಏರಿಸಿ ಇಳಿಸಲು ಬರುವುದಿಲ್ಲ. ವೀಣೆ (ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ) ಎರಡೂವರೆ ಮನೆ ಶ್ರುತಿಯಲ್ಲಿತ್ತು. ಘಟದವರು ಎರಡು ಘಟ ತಂದಿದ್ದರಿಂದ ಅದಕ್ಕೆ ಒಪ್ಪುವುದು ಸಿಕ್ಕಿತು.

ಕೋಪ ಬಂದದ್ದು ದೀಪದ ವಿಷಯಕ್ಕೆ. ವಿಡಿಯೊ ತೆಗೆಯಲು ಹಳದಿ ಫೋಕಸ್ ದೀಪವೊಂದನ್ನು ವೀಣೆಯಿಂದ ಮೂರಡಿ ದೂರದಲ್ಲಿಟ್ಟಿದ್ದರು. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬಿಸಿ ತಾಗಿದರೆ ಮೇಣ ಮೆತ್ತಗಾಗುತ್ತದೆ, ತಂತಿ ಎಳೆಯುವ ಬಲಕ್ಕೆ ಮೆಟ್ಟಿಲು ಕೂದಲೆಳೆಯಷ್ಟು ಕದಲಿದರೂ ಸ್ವರ ಕೆಡುತ್ತದೆ. ಮತ್ತೆ ಮೇಳ ಕಟ್ಟಿಸುವುದು (ಮೇಣದ ಮೇಲೆ ಮೆಟ್ಟಿಲು ಕೂರಿಸುವುದು) ನುರಿತವರ ಕೆಲಸ, ಅಂಥವರು ಊರೂರಲ್ಲಿ ಸಿಗುವುದಿಲ್ಲ. ಕಲಾವಿದೆಯೇ ಹೇಳಿ ದೀಪ ತೆಗೆಸಿದರು. ಹೆಚ್ಚು ಬಿಸಿಯಾಗದ ಎಲ್‌ಇಡಿ ದೀಪ ದೂರದಲ್ಲಿಟ್ಟರೆ ಸಾಕು.

ತಾನದ ನಂತರದ ಪಲ್ಲವಿ (ಒಂದೇ ಸಾಲನ್ನು ತಾಳಕ್ಕೆ ಬಿಡಿಸುವ ಭಾಗ) ಖಂಡಜಾತಿ ತ್ರಿಪುಟ ತಾಳದಲ್ಲಿ: ಒಂದು ಪೆಟ್ಟು, ನಾಲ್ಕು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಹುಸಿ (ಕೈ ತಿರುವುವುದು), ಒಟ್ಟು 9 ಅಕ್ಷರ. ಮುಂದಿನ ಸಾಲಿನ ಮಕ್ಕಳು ತಪ್ಪಿಲ್ಲದೆ ತಾಳ ಹಾಕಿದರು, ನೋಡಲು ಬಹಳ ಸಂತೋಷವಾಯಿತು. ತನಿಯಲ್ಲಿ (ತಾಳವಾದ್ಯಗಳು ಮಾತ್ರ ನುಡಿಸುವ ಭಾಗದಲ್ಲಿ) ಮೃದಂಗದ ತಿಸ್ರ ನಡೆ (ಮೂರರ ಲೆಕ್ಕದ ನಡಿಗೆ) ಸೊಗಸಾಗಿತ್ತು; ಎಡಗೈ ಗುಮಕಿ (ಜಾರುವ ತಗ್ಗು ನಾದ) ಮೈಕಿಲ್ಲದೆ ಎಷ್ಟು ದುಂಡಗೆ ಬರುತ್ತದೆ ಅನ್ನುವುದು ಗೊತ್ತಾಯಿತು. ಘಟದ ಸರದಿ ಸ್ವಲ್ಪ ಉದ್ದವಾಯಿತು, ಮುಗಿಸುವ ಲೆಕ್ಕವಾದ ಮೋರಾದ ಹೊತ್ತಿಗೆ ಬಿಗಿ ಸಡಿಲವಾಗಿತ್ತು. ಕೊನೆಗೆ ಖಮಾಚ್‌ನಲ್ಲಿ ಮೈಸೂರು ವಾಸುದೇವಾಚಾರ್ಯರ ಕೃತಿ, ಚಿಕ್ಕದಾಗಿ, ಚೊಕ್ಕವಾಗಿ.

ಮನೆಯವರು ಮುಖ್ಯವಾಗಿ ಗಮನಿಸಬೇಕಾದ್ದು ಮನೆ ನಡುವಿನ ತೊಟ್ಟಿಯ ಮೇಲೆ ಹೊಸದಾಗಿ ಹಾಕಿಸಿರುವ ತಗಡು. ಜಗಲಿಯ ಹೆಂಚಿನ ಮೇಲೆ ಬೀಳುವ ಮಳೆ ಸದ್ದು ಸಹಿಸಬಹುದು, ತಗಡಿನದು ಸಾಧ್ಯವಿಲ್ಲ. ಜೋರು ಮಳೆ ಬಂದಾಗ ಹತ್ತು ನಿಮಿಷ ಎಲ್ಲರೂ ಸುಮ್ಮನೆ ಕೂರಬೇಕಾಯಿತು. ತಗಡಿನ ಮೇಲೆ ಅಡಿಕೆ ಸೋಗೆ ದಪ್ಪಗೆ ಹೊದಿಸಿದರೆ ಸದ್ದು ಬಹುಮಟ್ಟಿಗೆ ಅಡಗುತ್ತದೆ. ತೋಟದಲ್ಲಿ ಸೋಗೆಗೇನೂ ಬರವಿಲ್ಲ. ಅಷ್ಟು ಮಾಡಲಾಗದಿದ್ದರೆ ಕಚೇರಿಯನ್ನು ಕಾರ್ತಿಕ ಮಾಸಕ್ಕೆ ಮುಂದೂಡುವುದು ಒಳ್ಳೆಯದು.

ಸಂಜೆ ಐದಕ್ಕೆ ಶುರು, ನಡುವೆ ಬಿಡುವಿಲ್ಲದೆ ಏಳೂವರೆಗೆ ಮುಗಿಯುತ್ತದೆ. ಶಿವಮೊಗ್ಗದಿಂದ ಬರುವವರು ಸ್ವಂತ ಗಾಡಿಯಲ್ಲಿ ಬಂದರೆ ಅನುಕೂಲ. ರಸ್ತೆಯಿಂದ ಮನೆಗೆ ತೋಟದ ದಾರಿಯಲ್ಲಿ ನಡೆಯಬೇಕು, ಇಂಬಳ (ಜಿಗಣೆ) ಇದ್ದೇ ಇರುತ್ತದೆ. ಸುಣ್ಣವೋ ಉಪ್ಪೋ ಜೇಬಿನಲ್ಲಿರಲಿ, ಜಗಲಿ ಹತ್ತುವ ಮೊದಲು ಕಾಲು ನೋಡಿಕೊಳ್ಳಿ.