ಮೇದೋಜ್ಜೀರಕದ ಗಡ್ಡೆಗೆ ಇಯುಎಸ್ ಬಯಾಪ್ಸಿ: ಸೂಜಿಗೆ ಪೂರ್ತಿ ಅಂಕ, ಡಬ್ಬಿಯ ವಿಷಯದಲ್ಲಿ ತಕರಾರು

ಮೇದೋಜ್ಜೀರಕದ ತಲೆಭಾಗದಲ್ಲಿ ಗಡ್ಡೆ ಕಂಡರೆ ಮೊದಲ ಅನುಮಾನ ಅಡಿನೋಕಾರ್ಸಿನೋಮಾ (ಅಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾನ್ಸರ್), ಮುಂದಿನ ಮಾತು ವಿಪಲ್ ಆಪರೇಷನ್ (ತಲೆಭಾಗವನ್ನು ಸುತ್ತಲಿನ ಭಾಗಗಳ ಸಮೇತ ತೆಗೆಯುವುದು). ಅಲ್ಲೇ ಹುಟ್ಟುವ ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ನೂರಕ್ಕೆ ಒಂದೂ ಇಲ್ಲ. ಆದರೆ ಅದಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ, ಕಿಮೋಗೆ ಚೆನ್ನಾಗಿ ಕರಗುತ್ತದೆ. ಗಡ್ಡೆ ಭಾರಿ ಇದ್ದೂ ಮೇದೋಜ್ಜೀರಕದ ನಾಳ ಅಷ್ಟೇನೂ ಹಿಗ್ಗಿಲ್ಲ, ರಕ್ತದಲ್ಲಿ ಸಿಎ 19-9 (ಅಡಿನೋಕಾರ್ಸಿನೋಮಾದ ಗುರುತು) ಹೆಚ್ಚಿಲ್ಲ, ಎಲ್‌ಡಿಎಚ್ ಎಂಬ ಕಿಣ್ವ ಏರಿದೆ ಎಂದರೆ ಲಿಂಫೋಮಾ ಇರಬಹುದು, ಬಯಾಪ್ಸಿ ಆಗದೆ ಕತ್ತರಿ ಹಿಡಿಯಬಾರದು. (ಕಾಮಾಲೆ ಇದ್ದರೆ ಸಿಎ 19-9 ನಂಬಬೇಡಿ, ಅದರಿಂದಲೇ ಏರುತ್ತದೆ.)

ಇದಕ್ಕೆ ಇಯುಎಸ್, ಅಂದರೆ ಬಾಯಿಯಿಂದ ಇಳಿಸುವ ಕೊಳವೆಯ ತುದಿಯಿಂದ ಒಳಗೇ ಸ್ಕ್ಯಾನ್ ಮಾಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ಗಿಂತ ಒಳ್ಳೆಯ ದಾರಿ ಸದ್ಯಕ್ಕಿಲ್ಲ. 6ರಿಂದ 8 ಗಂಟೆ ಖಾಲಿ ಹೊಟ್ಟೆ, ರಕ್ತ ತೆಳುಮಾಡುವ ಮಾತ್ರೆಗಳನ್ನು ಡಾಕ್ಟರನ್ನು ಕೇಳಿ ನಿಲ್ಲಿಸಿರಬೇಕು. ಸೂಜಿ ಜಠರದ ಇಲ್ಲವೆ ಸಣ್ಣಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್‌ನ ಗೋಡೆ ದಾಟಿ ಗಡ್ಡೆ ಸೇರುತ್ತದೆ. ಬರೀ ಎಫ್‌ಎನ್‌ಎ (ಹೀರಿಕೊಳ್ಳುವ) ಸೂಜಿ ಬಿಡಿ ಜೀವಕೋಶಗಳನ್ನು ತರುತ್ತದೆ. 22 ಅಥವಾ 19 ಗೇಜ್‌ನ ಎಫ್‌ಎನ್‌ಬಿ (ತುಣುಕು ಕತ್ತರಿಸುವ) ಸೂಜಿ ಅಂಗಾಂಶದ ಎಳೆಯನ್ನೇ ತರುತ್ತದೆ. ಲಿಂಫೋಮಾದ ಬಗೆ ಹೇಳಲು ಎಳೆಯೇ ಬೇಕು, ಹಾಗಾಗಿ ಹೆಚ್ಚು ಬೆಲೆ ಕೊಟ್ಟರೂ ಅದನ್ನೇ ಕೇಳಿ.

ಎಡವಟ್ಟಾಗುವುದು ಸೂಜಿ ಹೊರಬಂದ ಮೇಲೆ. ಸಿಕ್ಕಿದ್ದೆಲ್ಲ ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ಗೆ ಬಿದ್ದರೆ ಜೀವಕೋಶ ಸಾಯುತ್ತವೆ, ಫ್ಲೋ ಸೈಟೋಮೆಟ್ರಿ (ಬದುಕಿರುವ ಜೀವಕೋಶಗಳನ್ನು ಒಂದೊಂದಾಗಿ ಗುರುತಿಸುವ ಪರೀಕ್ಷೆ) ಮಾಡಲಾಗದು. ಒಂದು ಪಾಸ್ (ಸೂಜಿ ಒಂದು ಸಲ ತಂದದ್ದು) ಆದರೂ ಜೀವಕೋಶ ಬದುಕಿಸಿಡುವ ಆರ್‌ಪಿಎಂಐ ದ್ರಾವಣದಲ್ಲಿ ಅಂದೇ ಲ್ಯಾಬ್ ತಲುಪಬೇಕು, ಉಳಿದದ್ದು ಫಾರ್ಮಲಿನ್‌ಗೆ. ಚೀಟಿಯಲ್ಲಿ 'ಲಿಂಫೋಮಾ ಅನುಮಾನ' ಎಂದು ಬರೆಸಿ. ಇಲ್ಲದಿದ್ದರೆ ಸಿಡಿ20, ಸಿಡಿ3, ಸಿಡಿ10, ಬಿಸಿಎಲ್6, ಎಂಯುಎಂ1, ಕೆಐ-67 ಎಂಬ, ಲಿಂಫೋಮಾದ ಬಗೆ ಹೇಳುವ ಪ್ರೋಟೀನುಗಳ ಪರೀಕ್ಷೆಗೆ ಮೊದಲೇ ತುಣುಕು ಮುಗಿದುಹೋದೀತು. ಇನ್ನೊಂದು: ತೀರಾ ತುರ್ತಲ್ಲದಿದ್ದರೆ ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಬೇಡ, ಗಡ್ಡೆ ಕುಗ್ಗಿ ವರದಿ 'ಏನೂ ಸಿಗಲಿಲ್ಲ' ಎಂದು ಬರಬಹುದು. ಬಯಾಪ್ಸಿ ಬಳಿಕ ಹೊಟ್ಟೆನೋವು ಹೆಚ್ಚಿದರೆ ಪ್ಯಾಂಕ್ರಿಯಾಟೈಟಿಸ್ (ಮೇದೋಜ್ಜೀರಕದ ಉರಿಯೂತ) ಆಗಿದೆಯೇ ನೋಡಿಸಿ.

ಹೆಚ್ಚಾಗಿ ಸಿಗುವುದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಎಂಬ ಬಗೆಯ ಲಿಂಫೋಮಾ. ಕಾಯಿಲೆ ಎಲ್ಲೆಲ್ಲಿದೆ ಎಂದು ತೋರಿಸುವ ಪೆಟ್-ಸಿಟಿ ಸ್ಕ್ಯಾನ್ ಆದ ಮೇಲೆ ರೂಢಿಯ ಚಿಕಿತ್ಸೆ ಆರ್-ಚಾಪ್ (ರಿಟುಕ್ಸಿಮ್ಯಾಬ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್ ಮೊದಲಾದ ಔಷಧಗಳ ಕೂಟ), 21 ದಿನಕ್ಕೊಮ್ಮೆ, ಸಾಮಾನ್ಯವಾಗಿ 6 ಸುತ್ತು. ಶುರುವಾಗುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ತಪ್ಪಿಸಬಾರದು: ಒಳಗೆ ಮಲಗಿದ್ದ ವೈರಸ್ಸನ್ನು ರಿಟುಕ್ಸಿಮ್ಯಾಬ್ ಎಬ್ಬಿಸಬಲ್ಲದು. ಡಾಕ್ಸೊರುಬಿಸಿನ್‌ಗಾಗಿ ಹೃದಯದ ಎಕೋ ಸ್ಕ್ಯಾನ್ ಬೇಕು. ಬಿಲಿರುಬಿನ್ (ಕಾಮಾಲೆ ತರುವ ಹಳದಿ ಅಂಶ) ಏರಿದ್ದರೆ ಡಾಕ್ಸೊರುಬಿಸಿನ್‌ನದೂ ವಿನ್‌ಕ್ರಿಸ್ಟಿನ್‌ನದೂ ಡೋಸ್ ಇಳಿಸಬೇಕಾಗುತ್ತದೆ, ಆದ್ದರಿಂದ ಪಿತ್ತನಾಳ ಕಟ್ಟಿಕೊಂಡಿದ್ದರೆ ಮೊದಲು ಎಂಡೋಸ್ಕೋಪ್ ಮೂಲಕ ಆ ನಾಳ ತಲುಪುವ ಇಆರ್‌ಸಿಪಿಯಲ್ಲಿ ಸ್ಟೆಂಟ್ ಹಾಕಿಸುವುದು ವಾಸಿ.